ಕತ್ತಲಲ್ಲಿ ಏನ್ ಕಂಡೆಯೋ

ಗುಂಡಿಯೊಳಗೆ ಮನುಷ್ಯ ಇಳಿದಿದ್ದಾನೆ ಅಂದರೆ ಮೇಲೆ ನಿಂತವರು ಬಾಯಿ ಮುಚ್ಚಿಕೊಂಡು ಇರುವಂತಿಲ್ಲ. ಇದು ಆ ಬೀದಿಯವರ ಕಟ್ಟಳೆ. ಇಳಿಯುವವರು ಗಂಡಸರು, ಮೇಲೆ ಹಗ್ಗ ಹಿಡಿದು ಕೂಗುವವರು ಹೆಂಗಸರು. ಊರಿನ ಮಂದಿ ತಿಂದು ಬಿಟ್ಟದ್ದೆಲ್ಲ ಹರಿಯುವ ಒಳಚರಂಡಿ ಎಲ್ಲಿ ಕಟ್ಟಿಕೊಂಡರೂ ಈ ಬೀದಿಯವರೇ ಬರಬೇಕು. ಬಂದಾಗ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನೀರು ಹರಿದ ಮೇಲೆ ಮರೆತುಬಿಡುತ್ತಾರೆ.

ಅವಳು ಕೂಗುವವಳು. ಅವಳ ತಮ್ಮ ಇಳಿಯುವವನು. ಹುಟ್ಟಿದಾಗಿನಿಂದ ಅವನ ಕಣ್ಣು ದೊಡ್ಡವು. ದೀಪ ಆರಿಸಿದರೂ ಪಿಳಿಪಿಳಿ ಬಿಡುತ್ತಿದ್ದ. ಅದಕ್ಕೇ ಅಕ್ಕ ಅವನನ್ನು ಗೂಬೆ ಎಂದಳು, ಬೀದಿಯೆಲ್ಲ ಅದನ್ನೇ ಹಿಡಿದುಕೊಂಡಿತು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಮದುವೆಯ ಮಾತು ಯಾರಾದರೂ ಎತ್ತಿದರೆ, "ಈ ಗೂಬೇನ ಯಾರ ತಲೆಗೆ ಕಟ್ಟಿ ಹೋಗ್ಲಿ" ಎಂದು ನಗೆಯಾಡಿ ಮುಗಿಸಿಬಿಡುತ್ತಿದ್ದಳು.

ಅವಳ ಕೂಗಿಗೆ ಒಂದು ಎಳೆತ ಇತ್ತು. ಗುಂಡಿಯ ಬಾಯಲ್ಲಿ ಬಗ್ಗಿ, ದನಿಯನ್ನು ಮೊದಲು ಕೆಳಕ್ಕೆ ಇಳಿಸಿ, ಕೊನೆಗೆ ಮೇಲಕ್ಕೆ ಎತ್ತಬೇಕು. ಹಾಗೆ ಎತ್ತಿದರೆ ಮಾತ್ರ ಕೊಳವೆಯ ತಿರುವು ದಾಟಿ ಹೋಗುತ್ತದೆ. ಆದರೆ ಎಳೆತಕ್ಕಿಂತ ಮುಖ್ಯವಾದದ್ದು ಪ್ರಶ್ನೆ. "ಕೆಳಗಿನ ಗಾಳಿ ಮೊದಲು ಬುದ್ಧಿ ತಿನ್ನುತ್ತೆ, ಆಮೇಲೆ ಉಸಿರಿಗೆ ಕೈ ಹಾಕುತ್ತೆ" ಎಂದು ತಾಯಿ ಹೇಳಿಕೊಟ್ಟಿದ್ದಳು. ಬುದ್ಧಿ ಹೋದವನೂ ಅಭ್ಯಾಸದ ಮೇಲೆ ಓ ಎನ್ನುತ್ತಲೇ ಇರುತ್ತಾನೆ. ಆದ್ದರಿಂದ ಪ್ರತಿ ಸಲವೂ ಹೊಸದನ್ನು ಕೇಳಬೇಕು. ಕೇಳಿದ್ದನ್ನು ಆ ದಿನ ಮತ್ತೆ ಕೇಳುವಂತಿಲ್ಲ. ಯೋಚಿಸದೆ ಉತ್ತರ ಹೇಳಲಾಗದಂಥ ಪ್ರಶ್ನೆಯೇ ಆಗಬೇಕು.

"ನಿನ್ನೆ ಅಡುಗೆಗೆ ಉಪ್ಪು ಸುರಿದೋರ್ ಯಾರೋ, ಗೂಬೇ..."

"ನೀನೇ ಕಣಕ್ಕೋ... ನಾಲಿಗೆ ಇನ್ನೂ ಉರೀತಿದೆ..."

"ಮೂಲೆಮನೆ ಅಜ್ಜಿ ಕೋಲು ಯಾವ ಕೈಲಿ ಹಿಡೀತಾಳೋ..."

"ಹೊಡೆಯೋ ಕೈಲೇ ಕಣಕ್ಕೋ..."

ಉತ್ತರ ತಡವಾದರೆ ಹಗ್ಗ ಬಿಗಿ ಹಿಡಿಯಬೇಕು. ಉತ್ತರ ತಪ್ಪಾದರೆ ಎಳೆಯಬೇಕು. ಕೆಳಗಿನವನಿಗೂ ಒಂದು ಕಟ್ಟಳೆ: ಅವನು ತನ್ನ ತಲೆಯನ್ನು ತಾನೇ ನಂಬುವಂತಿಲ್ಲ. ಮೇಲಿನ ದನಿ ಕೂಗುತ್ತಿರುವವರೆಗೆ ಕೆಲಸ ಮಾಡಬೇಕು, ಬಾರೋ ಎಂದಾಗ ಬರಬೇಕು. ಹೀಗೆ ಬದುಕಿದ ಬೀದಿ ಅದು. ವಿಷಗಾಳಿ ತಡೆಯಲು ಸರ್ಕಾರ ಕೊಟ್ಟ ಮುಖವಾಡಗಳು, ಕೆಲಸ ಹಂಚುವ ಮೇಸ್ತ್ರಿಯ ಗೋದಾಮಿನಲ್ಲಿ ಪೆಟ್ಟಿಗೆ ಒಡೆಯದೆ ಕೊಳೆಯುತ್ತಿದ್ದವು.

ಕೂಗು ನಡೆದಿದ್ದ ಒಂದು ಮಧ್ಯಾಹ್ನ ಮೇಡಂ ಬಂದಳು. ಊರಿನ ದೊಡ್ಡ ಸಂಗೀತ ಸಂಸ್ಥೆಯವಳು. ಲೋಕದಲ್ಲಿ ಜನ ಹಾಡುವ ಎಲ್ಲವನ್ನೂ ಒಂದೇ ಕಡೆ, ಒಂದೇ ಅಚ್ಚಿನಲ್ಲಿ ಕಂಪ್ಯೂಟರಿಗೆ ತುಂಬುವ ಯೋಜನೆ ಅವಳದು. ದೋಣಿಯವರ ಹಾಡು, ಕುರಿ ಕಾಯುವವರ ಕೂಗು, ಸತ್ತವರ ಮುಂದೆ ಅಳುವವರ ರಾಗ, ಅರಮನೆಯ ವಾದ್ಯ, ಎಲ್ಲಕ್ಕೂ ಒಂದೇ ಬಗೆಯ ಚೌಕಗಳು. ಹೆಸರೇನು, ಕಟ್ಟಿದವರು ಯಾರು, ಹಾಡಿದವರು ಯಾರು, ಯಾವ ಸ್ವರ, ಎಷ್ಟು ವೇಗ, ಎಲ್ಲಿ ಶುರು, ಎಲ್ಲಿ ಮುಗಿತಾಯ. ಹಾಗೆ ತುಂಬಿದರೆ ಭೂಮಿಯ ಆ ತುದಿಯ ಹಾಡಿಗೂ ಈ ತುದಿಯ ಹಾಡಿಗೂ ನಂಟು ಹುಡುಕಬಹುದಂತೆ. ಒಳ್ಳೆಯವಳೇ. ಮೂಗು ಮುಚ್ಚಿಕೊಳ್ಳಲಿಲ್ಲ. ರಸ್ತೆಯ ಮೇಲೇ ಕುಳಿತಳು. ಮೇಸ್ತ್ರಿ ಕುರ್ಚಿ ತರಿಸಿದರೂ ಬೇಡ ಎಂದಳು.

ಉಪ್ಪಿನ ಪ್ರಶ್ನೆ ಅವಳಿಗೆ ಹಿಡಿಸಲಿಲ್ಲ. ಅಜ್ಜಿಯ ಕೋಲೂ ಹಿಡಿಸಲಿಲ್ಲ. ಅಷ್ಟರಲ್ಲಿ ಅಕ್ಕ ಬಾಯಿಗೆ ಬಂದದ್ದನ್ನು ಎಳೆದಳು: "ಕತ್ತಲಲ್ಲಿ ಏನ್ ಕಂಡೆಯೋ, ಗೂಬೇ..."

ಕೆಳಗಿನಿಂದ ಅವನು, "ನಿನ್ ಮುಖ ಕಂಡೆ ಕಣಕ್ಕೋ... ಹೆದರಿಬಿಟ್ಟೆ..." ಎಂದ.

ಅಕ್ಕ ನಕ್ಕಳು. ಮೇಡಮ್ಮಿನ ಕಣ್ಣಲ್ಲಿ ನೀರು ಬಂತು. ಇದೇ, ಇದೇ ಎಂದಳು. "ಇದನ್ನೇ ಇನ್ನೊಂದ್ಸಲ ಹಾಡಿ ಅಮ್ಮ. ಹೀಗೇ, ಒಂದಕ್ಷರ ಬದಲಾಗಬಾರದು."

"ಹೇಳಿದ್ದನ್ನೇ ಹೇಳೋ ಹಾಗಿಲ್ಲಮ್ಮ."

"ಯಾಕೆ?"

"ಅದು ಹಾಗೇ."

ಮೇಸ್ತ್ರಿ ಗದರಿದ. ದೊಡ್ಡೋರು ಕೇಳ್ತಿದ್ದಾರೆ, ಇನ್ನೊಂದ್ಸಲ ಅಂದ್ರೆ ಬಾಯಿಂದ ಮುತ್ತು ಉದುರಿಹೋಗುತ್ತಾ ಅಂದ. ಕೆಳಗಿದ್ದ ತಮ್ಮನನ್ನು ಹಗ್ಗ ಹಿಡಿದು ಮೇಲೆ ಎಳೆದು, ಸಣ್ಣಗೆ ನೀರು ಹರಿಯುತ್ತಿದ್ದ ಇನ್ನೊಂದು ಗುಂಡಿಗೆ ಇಳಿಸಿ, ಅಕ್ಕನ ಕೈಲಿ ಅದನ್ನೇ ಮತ್ತೆ ಮತ್ತೆ ಕೂಗಿಸಿ ರೆಕಾರ್ಡ್ ಮಾಡಿಕೊಂಡರು. ಅವನು ಕೆಳಗಿನಿಂದ ಅದೇ ಉತ್ತರ ಹೇಳಿದ. "ಅಕ್ಕಾ, ನಿನ್ನ ಸಿನಿಮಾಕ್ಕೆ ಹಾಕ್ತಾರೆ" ಎಂದು ಗೇಲಿ ಮಾಡಿದ. ಅವಳು ಮಾತ್ರ ಹಗ್ಗವನ್ನು ಬಿಗಿ ಹಿಡಿದೇ ಇದ್ದಳು.

ಸಂಸ್ಥೆಯಲ್ಲಿ ಅದನ್ನು ಯಂತ್ರಕ್ಕೆ ಹಾಕಿ ತೊಳೆದರು. ಕೆಳಗಿನ ದನಿ ಮಂಕಾಗಿತ್ತು, ನೀರಿನ ಸದ್ದಿನ ಜೊತೆ ಬೆರೆತಿತ್ತು. ಯಂತ್ರ ಅದನ್ನು ಗದ್ದಲ ಎಂದು ತೆಗೆದುಹಾಕಿತು. ಹಾಡಿದವರು ಎಂಬ ಚೌಕದಲ್ಲಿ ಒಬ್ಬರು ಎಂದು ಬಿತ್ತು. ಕಟ್ಟಿದವರು, ಗೊತ್ತಿಲ್ಲ. ವಾದ್ಯ, ಇಲ್ಲ. ಉದ್ದೇಶ, ದುಡಿಮೆಯ ದಣಿವು ಕಳೆಯಲು. ಮುಗಿತಾಯ ಸಿಗಲಿಲ್ಲ, ಆದ್ದರಿಂದ ಕೊನೆಯನ್ನು ಮೊದಲಿಗೆ ಹೊಲಿದು, ಮುಗಿದ ಕೂಡಲೇ ತಾನೇ ಮತ್ತೆ ಶುರುವಾಗುವ ಸುತ್ತು ಮಾಡಿದರು. ಯಾರು ಬೇಕಾದರೂ ಕೇಳಬಹುದು, ಇಳಿಸಿಕೊಳ್ಳಬಹುದು ಎಂದು ಜಾಲತಾಣದಲ್ಲಿ ಬಿಟ್ಟರು. ನೆರವಾದವರಿಗೆ ಕೃತಜ್ಞತೆ ಎಂದು ಮೇಡಮ್ಮೇ ಮೇಸ್ತ್ರಿಯ ಫೋನಿಗೂ ಅದನ್ನು ಕಳಿಸಿದಳು.

ಮೇಸ್ತ್ರಿ ಸಂಗೀತ ಪ್ರೇಮಿ ಅಲ್ಲ. ಆದರೆ ದಡ್ಡನೂ ಅಲ್ಲ. ಮಾರನೆಯ ವಾರ ಅವನು ಗುಂಡಿಯ ಬಾಯಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ಒಂದು ಹಳೆಯ ಫೋನ್ ಇಟ್ಟ. ಹಗ್ಗವನ್ನು ದೀಪದ ಕಂಬಕ್ಕೆ ಕಟ್ಟಿದ. ಫೋನಿನಿಂದ ಅವಳ ದನಿ, ಎಳೆತ ಒಂದಿಷ್ಟೂ ತಪ್ಪದೆ, ಕತ್ತಲಲ್ಲಿ ಏನ್ ಕಂಡೆಯೋ ಎಂದು ಕೂಗಿತು.

"ನಿನ್ನ ಕೂಗು ಇದೆಯಲ್ಲ. ಇನ್ನು ನೀನ್ಯಾಕೆ?" ಎಂದ.

"ಅದಕ್ಕೆ ಕಿವಿ ಇದೆಯಾ?" ಎಂದಳು ಅವಳು.

"ನಿನಗಿಂತ ಜೋರಾಗಿ ಕೂಗುತ್ತೆ. ಊಟ ಕೇಳಲ್ಲ. ನಡಿ."

ತಮ್ಮನೂ ಅವಳನ್ನೇ ಸಮಾಧಾನ ಮಾಡಿದ. "ಬಿಡಕ್ಕ. ಗಲಾಟೆ ಮಾಡಿದ್ರೆ ಇಬ್ಬರದ್ದೂ ಹೋಗುತ್ತೆ. ಉಸಿರು ಕಟ್ಟೋ ಹಾಗಿದ್ರೆ ನಾನೇ ಬರ್ತೀನಿ."

"ನಿನಗೆ ಗೊತ್ತಾಗಲ್ಲ ಕಣೋ ಗೂಬೆ. ಗೊತ್ತಾಗೋ ಹಾಗಿದ್ರೆ ಅಮ್ಮ ಯಾಕೆ ಗಂಟಲು ಹರ್ಕೋತಿದ್ಲು?"

ಅವನು ನಕ್ಕುಬಿಟ್ಟ. ಅವಳು ಪ್ರತಿ ದಿನ ಹೋಗಿ ದೂರದಲ್ಲಿ ನಿಂತಳು. ಮೇಸ್ತ್ರಿ ಅಟ್ಟಿದ. ಮತ್ತೆ ಬಂದರೆ ತಮ್ಮನಿಗೂ ಕೆಲಸವಿಲ್ಲ ಎಂದ. ಆಗ ಅವಳಿಗೆ ಒಂದೇ ದಾರಿ ಕಂಡಿತು. ದನಿ ತನ್ನದು. ಕೊಟ್ಟವಳು ತಾನು. ಅದನ್ನು ವಾಪಸ್ಸು ತರಬೇಕು. ಆ ಸಂಸ್ಥೆ ಅದನ್ನು ಅಳಿಸಿ, ಇದು ಕೆಟ್ಟದ್ದು, ಬಳಸಬೇಡಿ ಎಂದು ಒಂದು ಮಾತು ಹೇಳಿದರೆ ಮೇಸ್ತ್ರಿ ಕೇಳಲೇಬೇಕು.

ಸಂಸ್ಥೆಯ ಗೇಟಿನಲ್ಲಿ ಕಾವಲಿನವನು ಅವಳನ್ನು ಮೂಸಿ ನೋಡಿದ. ನಿಜವಾಗಿ ಮೂಸಿದ. ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಆದರೂ ಹೊರಗಿನ ಕಟ್ಟೆಯ ಮೇಲೆ ಕೂರಿಸಿದ. ಬಿಸಿಲು ನೆತ್ತಿಗೆ ಬಂದ ಮೇಲೆ ಮೇಡಂ ಇಳಿದು ಬಂದಳು, ಕೈ ಹಿಡಿದು ಒಳಗೆ ಕರೆದೊಯ್ದಳು. ತಣ್ಣನೆಯ ಕೋಣೆ. ಗೋಡೆಯಷ್ಟು ದೊಡ್ಡ ಪರದೆ. ಅದರ ತುಂಬ ಭೂಪಟ, ಭೂಪಟದ ತುಂಬ ಚುಕ್ಕೆ.

"ನೋಡಿ ಅಮ್ಮ, ಈ ಚುಕ್ಕೆ ನೀವು."

"ಅದನ್ನ ಅಳಿಸಿಬಿಡಿ ಮೇಡಂ."

ಮೇಡಂ ಕಕ್ಕಾಬಿಕ್ಕಿಯಾದಳು. ಒಂದು ಸಲ ಗುರುತಿನ ಸಂಖ್ಯೆ ಬಿದ್ದ ಮೇಲೆ ಅಳಿಸುವಂತಿಲ್ಲ, ಎಷ್ಟೋ ದೇಶದವರು ಅದನ್ನು ಜೋಡಿಸಿಕೊಂಡಿದ್ದಾರೆ, ಇನ್ನು ಅದು ನಿಮ್ಮೊಬ್ಬರದ್ದಲ್ಲ, ಎಲ್ಲರದ್ದೂ ಎಂದಳು.

"ನನ್ನ ತಮ್ಮ ಸಾಯ್ತಾನೆ."

ಅವಳು ಬಿಡಿಸಿ ಹೇಳಿದಳು. ಗಾಳಿ ಬುದ್ಧಿ ತಿನ್ನುವುದು, ಪ್ರಶ್ನೆ ಬದಲಾಗಬೇಕಾದದ್ದು, ಉತ್ತರ ತಪ್ಪಿದರೆ ಎಳೆಯುವುದು, ಎಲ್ಲ. ಮೇಡಂ ಕಣ್ಣರಳಿಸಿ ಕೇಳಿದಳು. "ಅಂದ್ರೆ ಇದು ಆಶು! ಸ್ಥಳದಲ್ಲೇ ಕಟ್ಟೋದು! ನಾವು ಸ್ಥಿರ ಪಾಠ ಅಂತ ಹಾಕಿಬಿಟ್ಟಿದ್ದೀವಲ್ಲ" ಎಂದು ತಕ್ಷಣ ಕುಳಿತು ಒಂದು ಚೌಕ ತಿದ್ದಿದಳು. ದಣಿವು ಕಳೆಯಲು ಎಂಬುದನ್ನು ಅಳಿಸಿದಳು. ಅಲ್ಲಿ ಆರಿಸಿಕೊಳ್ಳಲು ಇದ್ದದ್ದು ಪೂಜೆ, ಮನರಂಜನೆ, ಮದುವೆ, ಮರಣ, ದುಡಿಮೆ ಮಾತ್ರ. ಮೇಡಂ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಇತರೆ ಎಂದು ಹಾಕಿದಳು.

"ಕೇಳೋರು ಅಂತ ಒಂದು ಚೌಕ ಹಾಕಿ ಮೇಡಂ. ಕೂಗೋದು ಏನೂ ಅಲ್ಲ, ಕೇಳಿಸ್ಕೊಳ್ಳೋದೇ ಕೆಲಸ. ಅದಿಲ್ಲದಿದ್ರೆ ಕೂಗಬಾರದು ಅಂತ ಬರೀರಿ."

"ಕೇಳುಗರು? ಅದು ಇದೆಯಲ್ಲಮ್ಮ." ಮೇಡಂ ಪರದೆಯ ಮೂಲೆ ತೋರಿಸಿದಳು. ಅಲ್ಲಿ ಒಂದು ದೊಡ್ಡ ಅಂಕಿ ಇತ್ತು. "ಇಷ್ಟು ಸಾವಿರ ಜನ ಕೇಳಿದ್ದಾರೆ ನಿಮ್ಮನ್ನ."

ಅವಳು ಆ ಅಂಕಿಯನ್ನು ನೋಡಿದಳು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಈ ಹೊತ್ತು ಗುಂಡಿಯ ಬಾಯಲ್ಲಿ ಇದ್ದಾನೆಯೇ ಎಂದು ಅವಳ ಮೈ ಉರಿದುಹೋಯಿತು. ಎದ್ದು ನಡೆದಳು. ಮೇಡಂ ಹಿಂದಿನಿಂದ, ಚಹಾ ಕುಡಿದು ಹೋಗಿ ಎಂದಳು.

ಮಾರುಕಟ್ಟೆಯ ಹಿಂದಿನ ಓಣಿಗೆ ತಿರುಗುವ ಮೊದಲೇ ಅವಳಿಗೆ ತನ್ನ ದನಿ ಕೇಳಿಸಿತು. ಕತ್ತಲಲ್ಲಿ ಏನ್ ಕಂಡೆಯೋ. ಒಂದು ಉಸಿರಿನ ಬಿಡುವು. ಕತ್ತಲಲ್ಲಿ ಏನ್ ಕಂಡೆಯೋ. ಮೇಸ್ತ್ರಿ ಎದುರಿನ ಚಹಾದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಅಂಗಡಿಯವರು ತಮ್ಮ ತಮ್ಮ ವ್ಯಾಪಾರದಲ್ಲಿದ್ದರು. ಗುಂಡಿಯ ಹತ್ತಿರ ಬಕೆಟ್ಟು, ಫೋನು, ಕಂಬಕ್ಕೆ ಕಟ್ಟಿದ ಹಗ್ಗ. ಹಗ್ಗ ಸಡಿಲವಾಗಿ ಬಿದ್ದಿತ್ತು.

ಅವಳು ಬಗ್ಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು. "ಇವತ್ತು ನಾನು ಎಲ್ಲಿಗೆ ಹೋಗಿದ್ದೆ ಹೇಳೋ, ಗೂಬೇ..."

ಅವಳು ಎಲ್ಲಿಗೆ ಹೋಗಿದ್ದಳೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಅವನೇ ಅವಳ ತಲೆ ಬಾಚಿ ಕಳಿಸಿದ್ದ.

ಕೆಳಗಿನಿಂದ, ಬಹಳ ಕೆಳಗಿನಿಂದ, ತೊದಲುವ ದನಿ ಬಂತು.

"ನಿನ್... ಮುಖ... ಕಂಡೆ..."

ಅವಳು ಎಳೆದಳು. ಅಂಗೈ ಚರ್ಮ ಹಗ್ಗಕ್ಕೆ ಅಂಟಿಕೊಂಡು ಬಂತು. ಕಿರುಚಿದಾಗ ಒಬ್ಬ ಹೂವಿನವನು ಓಡಿ ಬಂದ, ಹಗ್ಗಕ್ಕೆ ಹತ್ತಿದ ಹೊಲಸನ್ನು ನೋಡಿ ಕೈ ಹಿಂದೆಗೆದ. ಅವಳೊಬ್ಬಳೇ ಎಳೆದಳು. ಎದೆಯವರೆಗೆ ಬಂದಾಗ ಕಂಕುಳಿಗೆ ಕೈ ಹಾಕಿ ಜಗ್ಗಿ ರಸ್ತೆಯ ಮೇಲೆ ಹಾಕಿದಳು. ಬಾಯೊಳಗೆ ಬೆರಳು ಹಾಕಿ ಹೊಲಸು ತೆಗೆದಳು. ಅವನ ದೊಡ್ಡ ಕಣ್ಣು ತೆರೆದೇ ಇದ್ದವು. ಅವಳ ಮುಖ ಅವುಗಳ ಮೇಲೇ ಇತ್ತು. ಅವನಿಗೆ ಕಾಣಲಿಲ್ಲ.

ಬಕೆಟ್ಟಿನ ಮೇಲೆ ಫೋನು ಕೇಳಿತು, ಕತ್ತಲಲ್ಲಿ ಏನ್ ಕಂಡೆಯೋ. ಅವನ ತುಟಿ ಅಲುಗಿತು. ಅಕ್ಕ ಮುಂದೆ ಕೂತು ಹೆಸರು ಹಿಡಿದು ಕರೆಯುತ್ತಿದ್ದರೂ ಅವನು ಉತ್ತರ ಹೇಳಿದ್ದು ಫೋನಿಗೆ.

ಆಟೋದವನು ಸೀಟು ಹಾಳಾಗುತ್ತೆ ಎಂದು ಹೋದ. ಇನ್ನೊಬ್ಬ ಮೊದಲು ತೊಳೆಯಿರಿ ಎಂದ. ತೊಳೆಯಲು ನೀರು ತರುವಷ್ಟರಲ್ಲಿ ಅವಳ ತಮ್ಮ ಅವಳ ತೊಡೆಯ ಮೇಲೆ ಸತ್ತ.

ಇಲ್ಲಿಗೆ ಮುಗಿಯಲಿಲ್ಲ. ಪೊಲೀಸರು ಬಂದಾಗ ಮೇಸ್ತ್ರಿ ಕೈ ಮುಗಿದು ನಿಂತ. ಮೇಲೆ ಆಳು ಇತ್ತು ಸ್ವಾಮಿ, ಇವಳೇ ಇದ್ದಳು, ಅವನ ಅಕ್ಕ ಎಂದ. ಅಂಗಡಿಯವರನ್ನು ಕೇಳಿದರು. ಅವರು ಸುಳ್ಳು ಹೇಳಲಿಲ್ಲ. ಹೌದು, ಬೆಳಿಗ್ಗೆಯಿಂದ ಈ ಹೆಂಗಸಿನ ದನಿ ಕೇಳ್ತಾನೇ ಇತ್ತು ಎಂದರು. ಒಬ್ಬರ ನಂತರ ಒಬ್ಬರು ಅದನ್ನೇ ಹೇಳಿದರು. ಬಕೆಟ್ಟಿನ ಮೇಲಿನ ಫೋನು ಅಷ್ಟರಲ್ಲಿ ಮೇಸ್ತ್ರಿಯ ಜೇಬು ಸೇರಿತ್ತು. ಕೂಗುವವಳ ಅಲಕ್ಷ್ಯದಿಂದ ಸಾವು ಎಂದು ಷರಾ ಬಿತ್ತು. ಸಂಸ್ಥೆಗೆ ಹೋಗಿದ್ದೆ, ಗೇಟಿನವನನ್ನು ಕೇಳಿ ಎಂದು ಅವಳು ಬಾಯಿ ಬಡಿದುಕೊಂಡಳು. ಅಂಥವರನ್ನು ಒಳಗೆ ಬಿಡುವುದಿಲ್ಲ ಎಂದು ಕಾವಲಿನವನು ಹೇಳಿದನಂತೆ. ಮೇಡಂ ಅಷ್ಟರಲ್ಲಿ ಪರದೇಶದ ಸಭೆಗೆ ಹೋಗಿದ್ದಳು. ಬಂದ ಮೇಲೆ ಹೇಳಿಕೆ ಕೊಡುತ್ತೇನೆ ಎಂದಳು. ಬಂದ ಮೇಲೆ ಸಂಸ್ಥೆಯ ಹಿರಿಯರು ಬೇಡ ಎಂದರು.

ಅವಳ ಬೀದಿ ಮೊದಲ ಸಲ ಒಟ್ಟಾಗಿ ಒಂದು ಮಾತು ಆಡಿತು. ಇಳಿಯುವುದಿಲ್ಲ. ಹೆಂಗಸರು ಹಗ್ಗಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಊರು ನಾರತೊಡಗಿತು. ಮೇಸ್ತ್ರಿ ಬೈದ, ಆಮೇಲೆ ಬೆದರಿಸಿದ, ಆಮೇಲೆ ಬೇರೆ ಊರಿನ ಆಳುಗಳನ್ನು ತರಲು ಹೋದ.

ಇಂಥ ಹೊತ್ತಿನಲ್ಲಿ ಮೇಡಂ ಬೀದಿಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಯೋಜನೆಯ ಉದ್ಘಾಟನೆ ಇದೆ, ನೀವು ಬರಬೇಕು, ವೇದಿಕೆಯ ಮೇಲೆ ಗೌರವಿಸುತ್ತೇವೆ ಎಂದಳು. "ನಾನು ಹಟ ಹಿಡಿದು ಮೂಲ ಧ್ವನಿ ತೆಗೆಸಿದ್ದೀನಿ ಅಮ್ಮ. ನಿಮ್ಮ ತಮ್ಮನ ದನಿ ವಾಪಸ್ ಹಾಕಿದ್ದೀವಿ. ಹಾಡಿದವರು ಇಬ್ಬರು ಅಂತ ಮಾಡಿದ್ದೀನಿ. ಅವರ ಮುಂದೆ ದಿವಂಗತ ಅಂತಾನೂ ಹಾಕಿದ್ದೀನಿ."

ಅವಳು ಮೇಡಮ್ಮಿನ ಮುಖವನ್ನೇ ನೋಡಿದಳು. ಅದರಲ್ಲಿ ಕಪಟ ಇರಲಿಲ್ಲ. ಅದಕ್ಕೇ ಹೊಡೆಯಬೇಕೆನ್ನಿಸಿತು.

"ಬರ್ತೀನಿ" ಎಂದಳು. ಕಾರು ಬಂದಾಗ ಹತ್ತಿದಳು. ಅಟ್ಟದಿಂದ ಇಳಿಸಿದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ವೇದಿಕೆಗೆ ಚೆನ್ನಾಗಿರುತ್ತದೆ ಎಂದು ಡ್ರೈವರ್ ಪಕ್ಕ ಕುಳಿತವನು ಮೆಚ್ಚಿದ.

ಸಂಸ್ಥೆಯ ಗೇಟಿನ ಮುಂದೆ ಕಾರು ನಿಂತಿತು. ಮುಂದೆ ಹೋಗಲಾಗಲಿಲ್ಲ. ಗೇಟಿನ ಮುಂದಿನ ಗುಂಡಿ ಕಟ್ಟಿಕೊಂಡು, ಮುಚ್ಚಳ ಎದ್ದು, ಕಪ್ಪು ನೀರು ಅಂಗಳಕ್ಕೆ ಹರಿಯುತ್ತಿತ್ತು. ಹೂವಿನ ಕಮಾನಿನ ಕೆಳಗೆ ಅತಿಥಿಗಳು ಕರವಸ್ತ್ರ ಹಿಡಿದು ತುದಿಗಾಲಲ್ಲಿ ನಿಂತಿದ್ದರು. ಒಳಗಿನ ಸ್ಪೀಕರುಗಳಲ್ಲಿ ಯಾವುದೋ ದೂರದ ದೇಶದ ದೋಣಿಯವರು ಹಾಡುತ್ತಿದ್ದರು.

ಗುಂಡಿಯ ಹತ್ತಿರ ಮೇಸ್ತ್ರಿ. ಅವನ ಪಕ್ಕ ಬೇರೆ ಊರಿನಿಂದ ತಂದ ಒಬ್ಬ ಆಳು, ಬರಿಮೈ, ನರೆತ ಗಡ್ಡ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ. ಬೋರಲು ಬಕೆಟ್. ಅದರ ಮೇಲೆ ಫೋನು. ಫೋನಿನಲ್ಲಿ ಅವಳು. ಮೇಡಂ ತಿದ್ದಿಸಿದ್ದು ಇಲ್ಲಿಗೂ ಬಂದಿತ್ತು, ಈಗ ತಮ್ಮನೂ ಇದ್ದ. ಕತ್ತಲಲ್ಲಿ ಏನ್ ಕಂಡೆಯೋ ಎಂದು ಅವಳು ಕೇಳಿದಳು. ನಿನ್ ಮುಖ ಕಂಡೆ ಕಣಕ್ಕೋ ಎಂದು ಅವನು ಹೇಳಿದ. ಇನ್ನು ಕೆಳಗಿನವನು ಉತ್ತರ ಕೊಡಬೇಕಾದ ಅಗತ್ಯವೂ ಇರಲಿಲ್ಲ.

ಅವಳು ಕಾರಿನಿಂದ ಇಳಿದಳು. ಕಪ್ಪು ನೀರಿನಲ್ಲಿ ಕಾಲಿಟ್ಟು ನಡೆದಳು. ಫೋನು ಎತ್ತಿಕೊಂಡಳು. ತಮ್ಮನ ದನಿಯನ್ನು ಒಂದು ಸಲ ಪೂರ್ತಿ ಕೇಳಿದಳು, ಹೆದರಿಬಿಟ್ಟೆ ಎಂದು ಅವನು ನಗುವವರೆಗೆ. ಆಮೇಲೆ ಅದನ್ನು ಗುಂಡಿಯೊಳಗೆ ಬಿಟ್ಟಳು.

ಇಳಿಯುತ್ತ ಅದು ಇನ್ನೊಮ್ಮೆ ಕೂಗಿತು. ನೀರು ಅದರ ಬಾಯಿ ಮುಚ್ಚಿತು.

"ನಿನಗೇನ್ ತಲೆ ಕೆಟ್ಟಿದೆಯಾ?" ಎಂದ ಮೇಸ್ತ್ರಿ. "ಈಗ ಇವನಿಗೆ ಯಾರು ಕೂಗ್ತಾರೆ?"

ಅವಳು ಆ ಆಳಿನ ಸೊಂಟದ ಗಂಟನ್ನು ಬಿಚ್ಚುತ್ತಿದ್ದಳು. "ಇವರು ಇಳಿಯಲ್ಲ. ಅಣ್ಣಾ, ಬಟ್ಟೆ ಹಾಕ್ಕೊಳ್ಳಿ" ಎಂದಳು. ಅವನು ಅವಳ ಅಂಗೈಯ ಗಾಯ ನೋಡಿದ. ಮೇಸ್ತ್ರಿಯನ್ನು ನೋಡಿದ. ಅಂಗಿ ಎತ್ತಿಕೊಂಡ.

ಮೇಡಂ ಓಡಿ ಬಂದಳು. ಸೀರೆಯ ಅಂಚನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಿದ್ದಳು. "ಅಮ್ಮ, ದಯವಿಟ್ಟು ಒಳಗೆ ಬನ್ನಿ. ಮಂತ್ರಿಗಳು ಬರ್ತಿದ್ದಾರೆ. ಎರಡೇ ಸಾಲು ಹಾಡಿದ್ರೆ ಸಾಕು."

"ಹಾಡ್ತೀನಿ. ಆದ್ರೆ ಕೆಳಗೆ ಯಾರೂ ಇಲ್ಲದೆ ನಾವು ಕೂಗಲ್ಲ ಮೇಡಂ. ಅದು ನಿಮ್ಮ ಯಾವ ಚೌಕದಲ್ಲೂ ಇಲ್ಲ."

ಅವಳು ಹೆಗಲ ಹಗ್ಗ ಇಳಿಸಿದಳು. ತಮ್ಮನ ಹಗ್ಗ. ಒಗೆದಿರಲಿಲ್ಲ. ಕುಣಿಕೆ ಹಾಕಿ ಮೇಸ್ತ್ರಿಯ ಮುಂದೆ ಹಿಡಿದಳು.

"ಕಟ್ಕೊ. ಇಳಿ. ನಾನು ಮೇಲೆ ಇರ್ತೀನಿ. ಹೊಸ ಹೊಸದು ಕೇಳ್ತೀನಿ, ಉತ್ತರ ತಪ್ಪಿದ್ರೆ ಎಳೀತೀನಿ. ಚಹಾ ಕುಡಿಯೋಕೆ ಹೋಗಲ್ಲ."

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಕುಣಿಕೆಯನ್ನು ಮೇಡಮ್ಮಿನ ಕಡೆ ಹಿಡಿದಳು. ಆಮೇಲೆ ಕಾವಲಿನವನ ಕಡೆ. ಆಮೇಲೆ ಕಮಾನಿನ ಕೆಳಗಿದ್ದವರ ಕಡೆ, ಒಬ್ಬೊಬ್ಬರ ಕಡೆಯೂ, ಆತುರವಿಲ್ಲದೆ. ಯಾರೂ ಅವಳ ಮುಖ ನೋಡಲಿಲ್ಲ. ಎಲ್ಲರೂ ಹಗ್ಗವನ್ನು ನೋಡಿದರು.

"ಯಾರಾದ್ರೂ ಇಳೀರಿ" ಎಂದಳು. "ನನಗೆ ಕೇಳಿಸುತ್ತೆ."

ಅವಳು ಗುಂಡಿಯ ಬಾಯಲ್ಲಿ ಕಾಲು ಇಳಿಬಿಟ್ಟು ಕುಳಿತಳು. ಅವಳನ್ನು ಎತ್ತಲು ಯಾರಾದರೂ ಮುಟ್ಟಬೇಕಿತ್ತು. ಮುಟ್ಟಲು ಯಾರೂ ಬರಲಿಲ್ಲ. ಒಳಗೆ ದೋಣಿಯವರ ಹಾಡು ಮುಗಿದು ಇನ್ನಾವುದೋ ದೇಶದ ಹಾಡು ಶುರುವಾಯಿತು. ಕಪ್ಪು ನೀರು ಸಂಸ್ಥೆಯ ಮೊದಲ ಮೆಟ್ಟಿಲು ಹತ್ತಿ ಎರಡನೆಯದಕ್ಕೆ ಬಂತು.